ಕಾಕಾನ ರೇಸ್ ಕಾರು

ಹೊಸ ಬಣ್ಣದ ವಾಸನೆ ಬಂದರೆ ಈಗಲೂ ಗಜೇಂದ್ರಗಡದ ನಮ್ಮ ಮಗ್ಗದ ಶೆಡ್ಡು ನೆನಪಾಗುತ್ತದೆ. ಅಲ್ಲಿ ಕಾಕಾ, ಮಿಲಿಟರಿಯವರು ಮಾರಿದ ಹಳೆಯ ಜೀಪಿನ ಎಂಜಿನ್ನಿಗೆ ತಗಡು ಬಡಿದು, ಪುಣೆಯ ರೇಸಿಗೆಂದು ಕಾರು ಕಟ್ಟಿದ್ದ. ಅದಕ್ಕೆ ಬಣ್ಣ ಬಳಿಯುತ್ತಿದ್ದ ಮಧ್ಯಾಹ್ನವೇ ಅವನ ಹೆಂಡತಿ, ಬಸುರಿ ಕಾಕುವಿಗೆ ನೋವು ಶುರುವಾಯಿತು.

“ಬಸ್ ಹೋಗೇತಿ. ಇದರಾಗ ರೋಣದ ದವಾಖಾನಿಗೆ ಲಗೂ ಕರಕೊಂಡ ಹೋಗು,” ಎಂದಳು ಅಜ್ಜಿ.

ಇದ್ದೊಂದು ಸೀಟಿನಲ್ಲೇ ಕಾಕುವನ್ನು ಒತ್ತಿ ಕೂರಿಸಿಕೊಂಡು ಕಾಕಾ ಹೊರಟ. ನೆಲಕ್ಕೆ ತಗುಲುವಷ್ಟು ಕುಳ್ಳಗಿದ್ದ ಕಾರು, ಮಳೆಗೆ ನೆನೆದ ಎರೆಮಣ್ಣಿನಲ್ಲಿ ಊರ ಹೊರಗೇ ಹೂತುಹೋಯಿತು.

“ಚಕ್ಕಡಿ ತರಸ್ರಿ,” ಎಂದಳು ಕಾಕು, ಅವನ ಕೈ ಹಿಡಿದು.

ಎತ್ತಿನ ಚಕ್ಕಡಿ ರೋಣ ಮುಟ್ಟುವ ಮೊದಲೇ ಅವಳು ತೀರಿಕೊಂಡಳು.

ಎರಡು ದಿನದ ಮೇಲೆ ಎತ್ತು ಹೂಡಿ ಎಳೆದು ತಂದ ಕಾರನ್ನು ಕಾಕಾ ಸಂಜೆಯವರೆಗೂ ತೊಳೆದ.

“ಸಾಕ ಬಿಡಪಾ, ಸ್ವಚ್ಛ ಆಗೇತಿ,” ಎಂದಳು ಅಜ್ಜಿ.

“ಇನ್ನೂ ಮಣ್ಣ ಐತಿ, ಅವ್ವಾ,” ಎಂದು ಅವನು ತಿಕ್ಕುತ್ತಲೇ ಇದ್ದ.