ಅವ್ವನ ಪಾದದ ಅಳತೆ

ಯುದ್ಧವಿಮಾನಗಳ ಬಿಡಿಭಾಗಗಳನ್ನಿಡುವ, ನಾನು ಕೆಲಸ ಮಾಡುವ ಉಗ್ರಾಣದಲ್ಲಿ ಹೊಸ ರಬ್ಬರಿನ ವಾಸನೆ ಬಂದಾಗಲೆಲ್ಲ ಹೆಗ್ಗದ್ದೆಯ ಕಾಫಿ ಎಸ್ಟೇಟ್ ಸ್ಟೋರಿನ ಆ ಮಧ್ಯಾಹ್ನ ನನ್ನ ಸುತ್ತ ಮಂಜಿನಂತೆ ಇಳಿಯುತ್ತದೆ.

ತೋಟದಲ್ಲಿ ಬರಿಗಾಲಲ್ಲಿ ದುಡಿಯುತ್ತಿದ್ದ ಅವ್ವನ ಪಾದಗಳು ರಕ್ತ ಹೀರುವ ಇಂಬಳಗಳು ಕಚ್ಚಿ ಹುಣ್ಣಾಗಿದ್ದವು. ಅವಳು ಸ್ಟೋರಿಗೆ ರಬ್ಬರ್ ಬೂಟು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಹೊಸದಾಗಿ ಬಂದವೆಲ್ಲ ಗಂಡಾಳುಗಳ ಅಳತೆಯವು. ಆ ಅನ್ಯಾಯ ಅಲ್ಲಿ ಯಾರಿಗೂ ಅನ್ಯಾಯವೆನಿಸಿರಲಿಲ್ಲ.

“ನಿಂಗೆ ಇದು ದೋಣಿ ಆಯ್ತದೆ ಕಣಮ್ಮ,” ಎಂದು ಸ್ಟೋರಿನ ಲೆಕ್ಕ ಬರೆಯುವ ರೈಟರ್ ನಕ್ಕರು. “ಹೆಣ್ಣಾಳಿನ ಅಳತೆ ಪಟ್ಟೀಲೇ ಇಲ್ಲ.”

“ಹಂಗಾರೆ ಈಗ ಸೇರ್ಸಿ ರೈಟ್ರೇ.” ಅವ್ವ ಮೇಜಿನಿಂದ ಒಂದು ಹಾಳೆ ಎಳೆದು, ನೆಲದ ಮೇಲೆ ಹಾಸಿ, ಅದರ ಮೇಲೆ ಪಾದವಿಟ್ಟಳು. “ಸುತ್ತ ಗೆರೆ ಎಳಿಯೇ ಮಗ.”

ನಾನು ಪೆನ್ಸಿಲನ್ನು ಮೆಲ್ಲನೆ ಬೆರಳುಗಳ ಸುತ್ತ ನಡೆಸಿದೆ. ಕಚಗುಳಿಯಾಗಿ ಅವ್ವ ನಕ್ಕಳು, ರೈಟರ್ ನಗಲಿಲ್ಲ.

“ಇನ್ನೂ ಹಾಳೆ ಕೊಡಿ,” ಎಂದಳು ಅವ್ವ. “ಕೂಲಿ ಲೈನಿನ ಮನೆಗಳ ಹೆಂಗಸ್ರೆಲ್ಲ ಹೊರಗೆ ನಿಂತವ್ರೆ.”