ಭಾನುವಾರದ ದನಿ

ಗುರುಸಾಮಿ ಫೋನಿನ ಮೇಲೆ ಬೆರಳಾಡಿಸಿ ಹುಡುಕಿದ. ಅವ್ವನ ಚಿತ್ರವಿದ್ದ ಗುಂಡಿ ಕಾಣಲಿಲ್ಲ. ನೀರಿನ ಲೋಟದ್ದಿಲ್ಲ, ಮಗ್ಗದ್ದಿಲ್ಲ. ಬಿಳಿ ಪರದೆಯ ನಡುವೆ ಒಂದು ನೀಲಿ ಚುಕ್ಕೆ ಮಾತ್ರ ಮಿನುಗುತ್ತಿತ್ತು. ಪಕ್ಕದಲ್ಲಿ ಹೆಂಡತಿ ಸುಶೀಲ ಪ್ರತಿ ಭಾನುವಾರದಂತೆ ತನ್ನ ಫೋನಿನಿಂದ ಮಡತ್ತುಕುಳಂ ಊರಿಗೆ ಕರೆ ಮಾಡಿ, ಸ್ಪೀಕರ್‌ಗೆ ಹಾಕಿಯೂ ಆಗಿತ್ತು.

"ಗುರೂ," ಎಂದಳು ಆ ಕಡೆಯಿಂದ ಅವ್ವ ಬೆಳ್ಳಿಯಮ್ಮ, ಎಂದಿನ ಮುದ್ದಿನಲ್ಲಿ. "ಉಂಡ್ಯಾ ಕಣ್ಣು?"

ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಯುವ ಮೊದಲು ಗುರುಸಾಮಿ ಆಸ್ಪತ್ರೆಯ ಮಂಚದ ಮೇಲೆ ಕೂತು ತನ್ನ ಮಾತುಗಳನ್ನು ಫೋನಿನ ಒಂದು ಆ್ಯಪ್‌ಗೆ ತುಂಬಿದ್ದ. ಯಾವ ಚಿತ್ರ ಒತ್ತಿದರೆ ಯಾವ ಮಾತು ಎಂದು ಮಗಳು ಕೃತ್ತಿಕಾ ಜೋಡಿಸಿದ್ದಳು. ಹೆಚ್ಚಿನವು ಅವ್ವನಿಗಾಗಿಯೇ ಆಡಿದವು. ಕಣ್ಣು ಪೂರ್ತಿ ಹೋಗಿ ಅವನ ತಂಗಿಯ ಮನೆಯಲ್ಲಿದ್ದ ಅವಳಿಗೆ ಆಪರೇಷನ್ ವಿಷಯ ಯಾರೂ ಹೇಳಿರಲಿಲ್ಲ. ಎದುರಿಗೆ ಹೋದರೆ ಗೊತ್ತಾಗುತ್ತದೆಂದು ಅವನು ತನ್ನೂರು ಸಿರುಮುಗೈ ಬಿಟ್ಟು ಆ ಕಡೆ ಹೋಗಿರಲಿಲ್ಲ. ಮಗ್ಗದ ಮೇಲೆ ಸೀರೆ ಇದೆ, ಮುಗಿಸಿ ಬರ್ತೀನಿ ಅನ್ನುವುದಕ್ಕೂ ಒಂದು ಗುಂಡಿಯಿತ್ತು.

ಬೇರೆ ದಾರಿ ಕಾಣದೆ ಚುಕ್ಕೆಯನ್ನು ಒತ್ತಿದ. ಅವ್ವನ ಪ್ರಶ್ನೆಯನ್ನು ಅದು ತಾನೇ ಕೇಳಿಸಿಕೊಂಡಿತ್ತು.

"ನಮಸ್ಕಾರ. ನನ್ನ ಊಟವಾಗಿದೆ. ತಾವು ಕ್ಷೇಮವೇ?" ಎಂದಿತು, ವಾರ್ತೆ ಓದುವವರ ದನಿಯಲ್ಲಿ.

ಅವ್ವ ಕೇಳಿದಳು, "ಯಾರು ಸಾಮಿ ನೀವು?"

ಲೈನು ಸರಿಯಿಲ್ಲ ಅತ್ತೆ ಎಂದು ಸುಶೀಲ ತಪ್ಪಿಸಲು ನೋಡಿದಳು. ಬೆಳ್ಳಿಯಮ್ಮ ಬಿಡಲಿಲ್ಲ, ಮಗನ ಕೈಗೆ ಫೋನು ಕೊಡು ಎಂದು ಹಟ ಹಿಡಿದಳು. ಕೊನೆಗೆ ಸುಶೀಲ ಎಲ್ಲ ಹೇಳಿಬಿಟ್ಟಳು. ಹೋದ ವಾರ ಮಾತಾಡಿದನಲ್ಲ ಎಂದು ಮುದುಕಿ ಕೇಳಿದಾಗ, ಅದು ಮುಂಚೆಯೇ ಹಿಡಿದಿಟ್ಟ ಮಾತು ಎಂದಳು.

"ಸತ್ತೋದೋನ ಮಾತ ಹಾಕಿ ನಂಗೆ ಕೇಳಿಸ್ತಾ ಇದ್ರಾ?" ಬೆಳ್ಳಿಯಮ್ಮನ ದನಿ ಏರಲೂ ಇಲ್ಲ. "ಎಷ್ಟ್ ದಿವ್ಸ ಆತು ಅವನು ಹೋಗಿ?"

ಗುರುಸಾಮಿ ಫೋನನ್ನು ಕಿತ್ತುಕೊಂಡು ಬಾಯಿಯ ಹತ್ತಿರ ಹಿಡಿದ. ಹಿಡಿದುಕೊಂಡೇ ಇದ್ದ. ಆ ಕಡೆ ಕರೆ ಕಟ್ಟಾಯಿತು.

ನಗರದ ಆರ್.ಎಸ್. ಪುರಂನಲ್ಲಿ ಕೆಲಸದಲ್ಲಿದ್ದ ಕೃತ್ತಿಕಾ ವಿಷಯ ತಿಳಿದು ಕೂಡಲೇ ಆ್ಯಪ್‌ನವರಿಗೆ ಬರೆದಳು. ಸಂಜೆಯೊಳಗೆ ಉತ್ತರ ಬಂತು. ಆ್ಯಪ್ ಈಗ ಎಐ ಸಹಾಯದಿಂದ ತಾನೇ ಮಾತಾಡುತ್ತದೆ, ಹಾಗಾಗಿ ರೆಕಾರ್ಡ್ ಮಾಡುವ ಗುಂಡಿಗಳನ್ನು ತೆಗೆದಿದ್ದೇವೆ. ಅವುಗಳಲ್ಲಿದ್ದದ್ದು ಮರಳಿ ಸಿಗುವುದಿಲ್ಲ. ಸ್ವಂತ ದನಿಯೇ ಬೇಕೆನ್ನುವವರು ಒಂದು ನಿಮಿಷ ಮಾತಾಡಿ ಕಳಿಸಿದರೆ ಸಾಕು. ಆ ಕೊನೆಯ ಸಾಲನ್ನು ಅವಳು ಅಪ್ಪನಿಗೆ ಓದಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆಯೇ ಗಂಡಹೆಂಡತಿ ಬಸ್ಸು ಹತ್ತಿದರು. ಬೆಳ್ಳಿಯಮ್ಮ ಹಿಂದಿನ ದಿನದಿಂದ ಏನೂ ತಿಂದಿಲ್ಲ, ನಮ್ಮ ಮಾತನ್ನೂ ನಂಬುತ್ತಿಲ್ಲ ಎಂದು ತಂಗಿ ಬಾಗಿಲಲ್ಲೇ ಪಿಸುಗುಟ್ಟಿದಳು. ಗುರುಸಾಮಿ ಅವ್ವನ ಮುಂದೆ ಮಂಡಿಯೂರಿ ಕೂತು, ಅವಳ ಕೈಗಳನ್ನು ತನ್ನ ಮುಖದ ಮೇಲಿಟ್ಟುಕೊಂಡ. ಅವಳು ಹಣೆ, ಹುಬ್ಬು, ಕಿವಿಗಳನ್ನು ನಿಧಾನವಾಗಿ ತಡವಿದಳು.

"ಮುಖ ಅವನ್ದೇ ಇದ್ದಂಗೈತೆ," ಎಂದಳು. "ಒಂದ್ಸಲ ಅವ್ವಾ ಅನ್ನು ಕಣ್ಣು."

ಗುರುಸಾಮಿ ಅಂದ. ಅವಳ ಬೆರಳ ಕೆಳಗೆ ತುಟಿಗಳು ಆಡಿದವು. ಉಸಿರು ಮಾತ್ರ ಕತ್ತಿನಲ್ಲಿ ಆಪರೇಷನ್ ಮಾಡಿಟ್ಟ ತೂತಿನಿಂದ ಹೊರಟು, ಅಲ್ಲಿಗೆ ಇಳಿದಿದ್ದ ಅವಳ ಇನ್ನೊಂದು ಕೈಗೆ ಬೆಚ್ಚಗೆ ತಾಗಿತು.

ಬೆಳ್ಳಿಯಮ್ಮ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡಳು. ಸೀರೆಯ ಸೆರಗಲ್ಲಿ ಒರೆಸಿಕೊಂಡು, ಮಗಳಿದ್ದ ಕಡೆ ತಿರುಗಿದಳು.

"ಬಂದೋರ್ಗೆ ಕಾಪಿ ಕೊಡಮ್ಮಾ."