ಭಾನುವಿನ ವಯಸ್ಸು

“ರೀ, ಯಾವ್ದೋ ಕಂಪನಿಯವರು ರೇಗಿ ಬರ್ದಿದಾರೆ,” ಎಂದು ಹರಿಣಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದಳು. ಗಂಡ ವೇಣು ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ಕೈ ಬಿಡುವಿಲ್ಲವೆಂದು ತನಗೆ ಬಂದ ಮೇಲ್‌ಗಳನ್ನು ಓದಲು ಅವಳಿಗೆ ಹೇಳಿದ್ದ. ಜನರ ಹೆಸರು, ವಯಸ್ಸು, ವಿಳಾಸ ಸರಿಯಾಗಿವೆಯೇ ಎಂದು ನೋಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದನ್ನು ಅವನು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದ. ದೊಡ್ಡ ದೊಡ್ಡ ಕಂಪನಿಗಳೂ ಅದನ್ನು ಬಳಸುತ್ತಿದ್ದವು.

“ಏನಂತೆ?”

“ಟೆಸ್ಟ್ ಮಾಡಕ್ಕೆ ಅಂತ ಒಂದು ಸುಳ್ಳು ಹೆಸರು ಹಾಕಿದೀರಲ್ಲ, ಪ್ರತಿ ಜೂನ್‌ನಲ್ಲೂ ಅದರ ವಯಸ್ಸಿಗೆ ಒಂದು ಕೂಡಿಸ್ತೀರಂತೆ. ಅವರ ಕೆಲಸ ಕೆಡ್ತಿದೆಯಂತೆ. ಈ ಹುಚ್ಚಾಟ ನಿಲ್ಲಿಸಿ, ಒಂದೇ ವಯಸ್ಸು ಇಡಿ ಅಂತಾರೆ.”

ವೇಣುವಿನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. ಕಂಪನಿಯವರು ತೋರಿಸಿದ್ದ ಸಾಲನ್ನು ಹರಿಣಿ ತೆರೆದಳು. ಭಾನುಪ್ರಿಯಾ, ಶಿಡ್ಲಘಟ್ಟ, ವಯಸ್ಸು ಆರು.

ಆರು ವರ್ಷದ ಹಿಂದೆ, ಜೂನ್‌ನಲ್ಲಿ, ಹುಟ್ಟಿದ ದಿನವೇ ಹೋದ ಮಗಳಿಗೆ ಅವರಿಬ್ಬರೇ ಗುಟ್ಟಾಗಿ ಆರಿಸಿಟ್ಟುಕೊಂಡಿದ್ದ ಹೆಸರು ಅದು. ಮಣ್ಣು ಮಾಡಿ ಬಂದವನು ಆಮೇಲೆ ಒಮ್ಮೆಯೂ ಆ ಹೆಸರೆತ್ತಿರಲಿಲ್ಲ. ಇವನದು ಕಲ್ಲೆದೆ, ಮರೆತೇಬಿಟ್ಟ ಎಂದು ಅವಳು ಇಷ್ಟು ವರ್ಷವೂ ಅವನ ಮೇಲೆ ಸಿಟ್ಟನ್ನು ಸಾಕಿಕೊಂಡು ಬಂದಿದ್ದಳು.

“ಅವರು ಹೇಳೋದೂ ಸರೀನೇ. ಬದಲಾಯಿಸ್ತೀನಿ,” ಎಂದ ವೇಣು, ಅವಳ ಕಡೆ ನೋಡದೆ. ಸೊಪ್ಪನ್ನು ತಟ್ಟೆಯ ಮೇಲೆ ಹರಡಲು ಹೋಗಿ ಮತ್ತೆ ನಿಲ್ಲಿಸಿದ.

“ಎಷ್ಟಕ್ಕೆ ನಿಲ್ಲಿಸ್ಲಿ ಅವಳನ್ನ? ನೀನೇ ಹೇಳು ಹರಿಣಿ.”